ಎದುರು ಹುರಿ

ಆ ದಿನ ಬೆಳಗ್ಗೆ ಮಂಜೂ ಅಲ್ಲದ, ಮಳೆಯೂ ಅಲ್ಲದ ಒಂದು ಬಗೆಯ ತೇವ ಊರನ್ನೆಲ್ಲ ಹೊದ್ದುಕೊಂಡಿತ್ತು. ಹಿಂದಿನ ದಿನ ಹರವಿದ ಬಟ್ಟೆ ಒಣಗಿರಲಿಲ್ಲ. ಬೆಂಕಿಕಡ್ಡಿ ಮೂರು ಸಲ ಗೀರಿದರೂ ಹತ್ತಲಿಲ್ಲ. ಮುಂಬಾಗಿಲು ಉಬ್ಬಿ ಚೌಕಟ್ಟನ್ನು ಕಚ್ಚಿಕೊಂಡಿತ್ತು. ಅಣು ಮೇಷ್ಟ್ರು ಅದಕ್ಕೆ ಭುಜ ಕೊಟ್ಟು ತಳ್ಳುತ್ತಿರುವಾಗ ಹೆಂಡತಿ ಒಳಗಿನಿಂದಲೇ ಹೇಳಿದಳು: "ಇವತ್ತು ಆ ನಿಮ್ಮ ಹಗ್ಗ ಮುಟ್ಟಬೇಡಿ ರೀ. ತೇವ ಕುಡಿದ ಹುರಿ, ಮಾತು ಕೇಳಲ್ಲ."

ಮುಟ್ಟದೆ ವಿಧಿಯಿರಲಿಲ್ಲ. ಹನ್ನೊಂದು ಗಂಟೆಗೆ ಶಾಲೆಯ ಹೊಸ ಪ್ರಯೋಗಾಲಯ ತೆರೆಯುವುದಿತ್ತು. ಹದಿಮೂರು ವರ್ಷದಿಂದ ಹಳೆಯ ಕೋಣೆಯ ಬಾಗಿಲ ಪಕ್ಕದಲ್ಲಿ ತೂಗುತ್ತಿದ್ದ ಆ ಹಗ್ಗವನ್ನು ಇಳಿಸಿ, ಮುಂದಿನ ಹಜಾರದ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಬೇಕೆಂದು ಹೆಡ್‌ಮೇಡಂ ಅಪ್ಪಣೆ ಮಾಡಿದ್ದರು. ಪೆಟ್ಟಿಗೆಯ ಮೇಲೆ ಅಂಟಿಸಲು ಮೇಷ್ಟ್ರ ಹೆಸರಿನ ಚೀಟಿಯೂ ಅಚ್ಚಾಗಿ ಬಂದಿತ್ತು.

ಅಣು ಮೇಷ್ಟ್ರು ಎಂಬ ಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ. ಕೊನೆಯ ಎರಡು ತರಗತಿಗಳಿಗೆ ಜೀವಶಾಸ್ತ್ರ ಹೇಳಿಕೊಡುವ ಅವರು ಯಾವ ಮಾತನ್ನು ಎಲ್ಲಿಂದ ಎತ್ತಿದರೂ ಕೊನೆಗೆ ತಂದು ಕಟ್ಟುತ್ತಿದ್ದದ್ದು ಅಣುವಿನ ಗೂಟಕ್ಕೇ. ಜವಾನ ಮಂಡಿ ನೋವೆಂದರೆ ಸಾಕು, ಅವನನ್ನು ಆ ಹಗ್ಗದ ಮುಂದೆ ನಿಲ್ಲಿಸಿ ಪಾಠ ಶುರು. ನಮ್ಮ ಚರ್ಮ, ಎಲುಬು, ಸ್ನಾಯುವನ್ನು ಎಲುಬಿಗೆ ಬಿಗಿಯುವ ಪಟ್ಟಿ, ಕಣ್ಣಿನ ಮುಂದಿನ ತಿಳಿಪೊರೆ, ಎಲ್ಲಕ್ಕೂ ಬಲ ಕೊಡುವುದು ಕೊಲಾಜೆನ್ ಎಂಬ ಒಂದೇ ಪ್ರೋಟೀನು. ಅದು ಮೂರೆಳೆಯ ಹಗ್ಗ. ಒಂದೊಂದು ಎಳೆಯೂ ಸಾವಿರ ಮಣಿ ಪೋಣಿಸಿದ ಸರ. ಸರದಲ್ಲಿ ಪ್ರತಿ ಮೂರನೆಯ ಮಣಿ ಎಲ್ಲಕ್ಕಿಂತ ಪುಟ್ಟದು, ಏಕೆಂದರೆ ಅದು ಹಗ್ಗದ ಒಡಲೊಳಗೆ ಕೂರಬೇಕು, ಅಲ್ಲಿ ದೊಡ್ಡ ಮಣಿಗೆ ಜಾಗವಿಲ್ಲ. ಇದನ್ನು ಹೇಳುವಾಗ ಮೇಷ್ಟ್ರ ದನಿ ದೇವರ ಕೋಣೆಯಲ್ಲಿ ನಿಂತವರ ದನಿಯಂತೆ ಇಳಿಯುತ್ತಿತ್ತು. ಜವಾನ ಮಂಡಿನೋವನ್ನು ಮರೆಯುತ್ತಿದ್ದ, ಇಲ್ಲವೇ ಮರೆತಂತೆ ನಟಿಸಿ ಜಾರುತ್ತಿದ್ದ.

ಮಾದರಿಯನ್ನು ಮೇಷ್ಟ್ರು ಒಂದು ರಜೆಯಲ್ಲಿ ಮನೆಯಲ್ಲೇ ಮಾಡಿದ್ದರು. ಕೆಂಪು, ಹಳದಿ, ನೀಲಿ ಬಣ್ಣದ ಮೂರು ದಪ್ಪ ನೂಲೆಳೆ, ಅವುಗಳ ಮೈಮೇಲೆ ಹೊಲಿದ ಮರದ ಮಣಿ. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ಹೆಂಡತಿಯ ಕೈಯಲ್ಲಿ. ಕೈ ಬಿಟ್ಟರೆ ಗಿರಗಿರನೆ ತಿರುಗಿ ಬಿಚ್ಚಿಕೊಳ್ಳುತ್ತಲ್ಲ ಎಂದು ಅವಳು ಆಗಲೇ ಹೇಳಿದ್ದಳು. ನೀನು ಗಟ್ಟಿಯಾಗಿ ಹಿಡಿದುಕೋ ಎಂದಿದ್ದರು ಇವರು. ಕೊನೆಗೆ ಬುಡಕ್ಕೆ ಕಬ್ಬಿಣದ ಪಟ್ಟಿ ಹಾಕಿ, ಸ್ಕ್ರೂ ಬಿಗಿದು, ಅದರ ಬಾಯಿ ಮುಚ್ಚಿಸಿದ್ದರು.

ಆ ಬೆಳಗ್ಗೆ ಸ್ಟೂಲಿನ ಮೇಲೆ ನಿಂತು ಪಟ್ಟಿ ಸಡಿಲಿಸಿದ್ದೇ ತಡ, ಹಗ್ಗಕ್ಕೆ ಜೀವ ಬಂದಂತಾಯಿತು. ತೇವ ಹೀರಿ ಉಬ್ಬಿದ್ದ ನೂಲು ಇಷ್ಟು ವರ್ಷ ಅದುಮಿಟ್ಟುಕೊಂಡಿದ್ದ ಸಿಟ್ಟನ್ನೆಲ್ಲ ಒಂದೇ ಉಸಿರಿಗೆ ಕಾರಿತು. ಗಿರಗಿರ ಸುತ್ತಿ, ಮಣಿಗಳು ಗೋಡೆಗೆ ಬಡಿದು ಚೆಲ್ಲಾಡಿ, ಮೂರು ಎಳೆಗಳೂ ಮುನಿಸಿಕೊಂಡ ಓರಗಿತ್ತಿಯರಂತೆ ಮೂರು ದಿಕ್ಕಿಗೆ ಮುಖ ತಿರುಗಿಸಿ ಜೋತುಬಿದ್ದವು.

ನೋಡಿದವರು ಯಾರೂ ಇರಲಿಲ್ಲ. ಆದರೂ ಮೇಷ್ಟ್ರು ಸುತ್ತ ನೋಡಿದರು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಏಕೆಂದರೆ ಈ ಹಗ್ಗ ನಿಲ್ಲುವುದಿಲ್ಲ ಎಂದು ಹನ್ನೆರಡು ವರ್ಷದ ಹಿಂದೆಯೇ ಒಬ್ಬಳು ಹೇಳಿದ್ದಳು.

ಅವಳು ಹಗ್ಗ ಹೊಸೆಯುವವರ ಮಗಳು. ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಮಾದರಿಯನ್ನು ಕಣ್ಣರಳಿಸಿ ನೋಡಿ, ಎದ್ದು ನಿಂತು, ಮೆಲ್ಲಗೆ ಅಂದಿದ್ದಳು: "ಸರ್, ಇದರಲ್ಲಿ ಎಳೆನೂ ಬಲಕ್ಕೆ ಸುತ್ತಿದೆ, ಹಗ್ಗಾನೂ ಬಲಕ್ಕೆ ಸುತ್ತಿದೆ. ಹಂಗಿದ್ರೆ ಬಿಚ್ಕೊಳುತ್ತೆ ಸರ್. ಎಳೆ ಎಡಕ್ಕಿದ್ರೆ ಹಗ್ಗ ಬಲಕ್ಕಿರಬೇಕು. ಎದುರು ಹುರಿ ಇಲ್ದೆ ಯಾವ ಹಗ್ಗನೂ ನಿಲ್ಲಲ್ಲ."

ಎರಡು ತಿಂಗಳ ರಜೆ ತಿಂದ ಮಾದರಿ. ತರಗತಿಯ ತುಂಬ ಕಣ್ಣು. ಮೇಷ್ಟ್ರ ಬಾಯಿಂದ ಮಾತು ಜಾರಿಯೇಬಿಟ್ಟಿತು: "ಇದು ಜೀವಶಾಸ್ತ್ರ ಕಣಮ್ಮ, ನಿಮ್ಮಪ್ಪನ ಅಂಗಡಿ ಅಲ್ಲ. ದೇವರು ಹಗ್ಗ ಹೊಸೆಯೋನಲ್ಲ."

ತರಗತಿ ಹೊಟ್ಟೆ ಹಿಡಿದು ನಕ್ಕಿತು. ಅಂದಿನಿಂದ ಅವಳಿಗೆ 'ಹುರಿ' ಎಂದೇ ಹೆಸರಾಯಿತು. ಅಷ್ಟಕ್ಕೇ ಮುಗಿದಿದ್ದರೆ ಮಕ್ಕಳಾಟವೆಂದು ಮರೆಯಬಹುದಿತ್ತು. ಅವಳು ರೆಕಾರ್ಡು ಪುಸ್ತಕದಲ್ಲಿಯೂ ಚಿತ್ರವನ್ನು ತನ್ನ ಮನೆಯ ಹಗ್ಗದ ಹಾಗೆಯೇ ಬರೆದಳು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದು 'ತಪ್ಪು. ಮತ್ತೆ ಬರೆ' ಎಂದು ಬರೆದರು. ಅವಳು ಬರೆಯಲಿಲ್ಲ. ಇವರು ಸಹಿ ಹಾಕಲಿಲ್ಲ. ಸಹಿಯಿಲ್ಲದ ರೆಕಾರ್ಡಿಗೆ ಪ್ರಾಯೋಗಿಕ ಪರೀಕ್ಷೆಯಿಲ್ಲ. ಬೆಂಚಿನಲ್ಲಿ ಒಂದು ಜಾಗ ಖಾಲಿಯಾಯಿತು. ಪುಸ್ತಕ ಮಾತ್ರ ಇವರ ಬೀರುವಿನಲ್ಲೇ ಉಳಿಯಿತು.

ಇದಕ್ಕಿಂತ ದೊಡ್ಡ ಮುಳ್ಳು ಇನ್ನೊಂದಿತ್ತು. ಒಂಬತ್ತು ವರ್ಷದ ಹಿಂದೆ ಹೊಸ ಪಠ್ಯ ಬಂದಾಗ ಅದರಲ್ಲಿ ಕೊಲಾಜೆನ್ನಿನ ಚಿತ್ರ ಸ್ಪಷ್ಟವಾಗಿ ಅಚ್ಚಾಗಿತ್ತು. ಒಂದೊಂದು ಎಳೆ ಎಡಕ್ಕೆ, ಮೂರೂ ಸೇರಿ ಬಲಕ್ಕೆ. ಮೇಷ್ಟ್ರು ಅದನ್ನು ನೋಡಿದರು. ಪುಸ್ತಕ ಮುಚ್ಚಿದರು. ಮಾರನೆಯ ದಿನ ಮಾದರಿಯ ಬುಡಕ್ಕೆ ಇನ್ನೊಂದು ಸ್ಕ್ರೂ ಬಿಗಿದು, ಪಕ್ಕದಲ್ಲಿ 'ಮುಟ್ಟಬಾರದು' ಎಂದು ಬರೆದು ಹಾಕಿದರು.

ಈಗ ಚೆಲ್ಲಿದ ಮಣಿಗಳನ್ನು ಮೊಣಕಾಲೂರಿ ಆರಿಸುವಾಗ, ತಾನೇ ಪ್ರತಿ ವರ್ಷ ಹೇಳಿಕೊಡುತ್ತಿದ್ದ ಒಂದು ಮಾತು ಅವರಿಗೆ ನೆನಪಾಯಿತು. ಮೈಯಲ್ಲಿ ವಿಟಮಿನ್ ಸಿ ಬತ್ತಿದರೆ ಈ ಮೂರೆಳೆಯ ಬಿಗಿ ಸಡಿಲುತ್ತದೆ. ಒಸಡಿನಲ್ಲಿ ರಕ್ತ ಒಸರುತ್ತದೆ. ಎಂದೋ ಮಾಗಿದ ಗಾಯ ಮತ್ತೆ ಬಾಯಿ ತೆರೆಯುತ್ತದೆ. ಮಾಗಿದ ಗಾಯ ಎಂದರೆ ಮುಗಿದ ಗಾಯವಲ್ಲ, ದಿನವೂ ಹೊಸ ಹಗ್ಗ ಹಾಕಿ ಕಟ್ಟುತ್ತಲೇ ಇರಬೇಕಾದ ಗಾಯ. ಮಕ್ಕಳಿಗೆ ಎಷ್ಟು ಸಲೀಸಾಗಿ ಹೇಳಿದ್ದರು.

ಮೇಷ್ಟ್ರು ಬೀರು ತೆರೆದರು. ರೆಕಾರ್ಡು ಪುಸ್ತಕವನ್ನೂ ಮೂರು ಎಳೆಗಳನ್ನೂ ಆರಿಸಿದ ಮಣಿಗಳನ್ನೂ ಚೀಲಕ್ಕೆ ತುರುಕಿದರು. ಊರಿನಲ್ಲಿ ಎರಡು ತಾಸಿನೊಳಗೆ ಹುರಿ ಹಾಕಬಲ್ಲ ಮನೆ ಒಂದೇ ಇತ್ತು.

ರೈಲು ಹಳಿಯ ಆಚೆ, ಅಗಲ ಕಡಿಮೆಯಾಗಿ ಉದ್ದಕ್ಕೆ ಓಡುವ ತಗಡಿನ ಶೆಡ್ಡು. ಒಂದು ತುದಿಯಲ್ಲಿ ಮೂರು ಕೊಕ್ಕೆಯ ಚಕ್ರ. ಅದನ್ನು ತಿರುಗಿಸುತ್ತಿದ್ದವಳು ತಾಯಿ. ಸೊಂಟಕ್ಕೆ ನಾರಿನ ಕಂತೆ ಸುತ್ತಿಕೊಂಡು ಹಿಂದೆ ಹಿಂದೆ ನಡೆಯುತ್ತಿದ್ದವಳು ಮಗಳು. ಹಿಂದಕ್ಕೆ ನಡೆದಷ್ಟೂ ಮುಂದೆ ಬೆಳೆಯುವ ಕಸುಬು ಅದು. ಬೆನ್ನು ಮೇಷ್ಟ್ರ ಕಡೆಗಿತ್ತು. ಹೆಜ್ಜೆ ಎಣಿಸುತ್ತ ಬಂದವಳು ತಿರುಗಿ ನೋಡಿ, ಗುರುತು ಹಿಡಿದು, ಕೈಯ ನಾರು ಕೊಡವಿದಳು. "ಬನ್ನಿ ಸರ್" ಎಂದಳು, ನಿನ್ನೆಯಷ್ಟೇ ತರಗತಿ ಬಿಟ್ಟವಳಂತೆ.

ಮೇಷ್ಟ್ರು ಎಳೆಗಳನ್ನು ಚಾಚಿದರು. ತೇವ, ಬಿಚ್ಚಿಕೊಂಡಿದೆ, ಹನ್ನೊಂದಕ್ಕೆ ಬೇಕು ಎಂದೆಲ್ಲ ತಡವರಿಸಿದರು. ಅವಳು ಎಳೆಯೊಂದನ್ನು ಹೆಬ್ಬೆರಳಲ್ಲಿ ಉರುಳಿಸಿ ನೋಡಿದಳು.

ಅವಳು ಒಂದೊಂದು ಎಳೆಯನ್ನೂ ಕೊಕ್ಕೆಗೆ ಸಿಕ್ಕಿಸಿ, ಹಳೆಯ ಹುರಿ ಪೂರ್ತಿ ಬಿಚ್ಚಿ, ಎಡಕ್ಕೆ ತಿರುವಿಸಿದಳು. ಬಿದ್ದ ಮಣಿಗಳನ್ನು ದಬ್ಬಳದಲ್ಲಿ ಮತ್ತೆ ಹೊಲಿದಳು. ಎರಡು ದೊಡ್ಡದು, ಒಂದು ಪುಟ್ಟದು. ಎರಡು ದೊಡ್ಡದು, ಒಂದು ಪುಟ್ಟದು. ಯಾರೂ ಹೇಳಿಕೊಡಬೇಕಾಗಲಿಲ್ಲ. "ಪುಟ್ಟದರ ಹೆಸರು ಗ್ಲೈಸಿನ್ ಅಲ್ವಾ ಸರ್" ಎಂದು ತನಗೆ ತಾನೇ ಅಂದುಕೊಂಡಂತೆ ಅಂದಳು. ಪರೀಕ್ಷೆಗೆ ಕೂತವರಲ್ಲಿ ಎಷ್ಟು ಜನಕ್ಕೆ ಅದು ನೆನಪಿತ್ತೋ ದೇವರೇ ಬಲ್ಲ.

ಆಮೇಲೆ ಮೂರು ಕಡೆ ಕಾಲುವೆಯಂತೆ ಕೊರೆದ ಬುಗುರಿಯಂಥ ಮರದ ತುಂಡನ್ನು ಎಳೆಗಳ ನಡುವೆ ಇಟ್ಟು ಬಲಕ್ಕೆ ಬಿಟ್ಟಳು. ಎಳೆಗಳು ತಾವಾಗಿಯೇ ಒಂದನ್ನೊಂದು ಹುಡುಕಿಕೊಂಡು ಬಂದು ಅಪ್ಪಿಕೊಂಡವು. ಕೈ ಬಿಟ್ಟಳು. ಹಗ್ಗ ಒಮ್ಮೆ ನಡುಗಿ, ನಿಂತಿತು. ಪಟ್ಟಿಯಿಲ್ಲ, ಸ್ಕ್ರೂ ಇಲ್ಲ. ಅದು ಹೇಗೆ ನಿಂತಿತೆಂದು ಮೇಷ್ಟ್ರು ಕೇಳಿದರು. ಪ್ರತಿ ಎಳೆಗೂ ಬಿಚ್ಚಿಕೊಳ್ಳುವ ಆಸೆ ಇದ್ದೇ ಇರುತ್ತದೆ, ಅದು ಬಿಚ್ಚಿಕೊಳ್ಳಲು ತಿರುಗಿದಷ್ಟೂ ಹಗ್ಗ ಬಿಗಿಯಾಗುತ್ತದೆ ಎಂದು ಅವಳು ವಿವರಿಸಿದಳು. ಮೇಷ್ಟ್ರಿಗೆ ಇಷ್ಟು ವರ್ಷದಲ್ಲಿ ಯಾವ ಪುಸ್ತಕವೂ ಇಷ್ಟು ನೇರವಾಗಿ ಹೇಳಿರಲಿಲ್ಲ.

ಚಕ್ರದ ಬಳಿಯಿಂದ ತಾಯಿ ಬಾಯಿ ತೆರೆದಳು: "ದೇವರು ಹಗ್ಗ ಹೊಸೆಯಲ್ಲ ಅಂದಿದ್ರಂತಲ್ಲ ಮೇಷ್ಟ್ರೇ. ಮತ್ತೆ ಇದನ್ನ ಯಾರು ಹೊಸೆದ್ರು ಅಂತೀರಿ?"

"ಅಮ್ಮ, ಸುಮ್ನಿರು" ಎಂದಳು ಮಗಳು.

ಮೇಷ್ಟ್ರ ಕೈ ಚೀಲದೊಳಕ್ಕೆ ಹೋಯಿತು. ಪುಸ್ತಕದ ರಟ್ಟು ಬೆರಳಿಗೆ ತಾಗಿತು. ನಾಲಿಗೆ ಮಾತ್ರ ಅಂಗುಳಕ್ಕೆ ಅಂಟಿತು. ಹೊತ್ತಾಯಿತು ಎಂದರು. ಕೊಡಬೇಕಾದ್ದೇನು ಎಂದು ಕೇಳಿದರೆ ಅವಳು ಏನೂ ಬೇಡ, ಶಾಲೆಯದಲ್ಲವೇ ಎಂದಳು. ಕೈ ಬರಿದಾಗಿಯೇ ಹೊರಗೆ ಬಂತು.

ಹಜಾರದಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು. ಉದ್ಘಾಟನೆಗೆ ಬಂದ ದೊಡ್ಡ ಅಧಿಕಾರಿ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿ ತಲೆದೂಗಿದರು. ಹೆಡ್‌ಮೇಡಂ ಮೇಷ್ಟ್ರ ಕೈಚಳಕ, ಮೇಷ್ಟ್ರ ತಪಸ್ಸು ಎಂದು ಹೊಗಳುತ್ತಲೇ ಇದ್ದರು. ಒಂದೊಂದು ಹೊಗಳಿಕೆಗೂ ಮೇಷ್ಟ್ರು ಕುರ್ಚಿಯಲ್ಲಿ ಒಂದೊಂದು ಅಂಗುಲ ಕುಗ್ಗಿದರು. ಎರಡು ಮಾತಾಡಿ ಎಂದು ಕರೆದಾಗ ಎದ್ದು, ಈ ಮಾದರಿ ಇವತ್ತಿನ ಬೆಳಗಿನವರೆಗೂ ತಪ್ಪಾಗಿತ್ತೆಂದೂ, ಇದನ್ನು ಸರಿ ಮಾಡಿದವಳು ಇದೇ ಶಾಲೆಯಲ್ಲಿ ಓದಿದ, ಹಗ್ಗದ ಕಸುಬಿನ ಹೆಣ್ಣುಮಗಳೆಂದೂ, ಚೀಟಿಯ ಮೇಲೆ ಇರಬೇಕಾದದ್ದು ಅವಳ ಹೆಸರೆಂದೂ ಹೇಳಿದರು.

ಅಷ್ಟು ಹೇಳಿದರೆ ಭಾರ ಇಳಿಯುತ್ತದೆ ಎಂದುಕೊಂಡಿದ್ದರು. ಆದದ್ದೇ ಬೇರೆ. ಹಜಾರ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿತು. ಅಧಿಕಾರಿ ಕೈ ಕುಲುಕಿದರು. ಹೆಡ್‌ಮೇಡಂ ಕಣ್ಣೊರೆಸಿಕೊಂಡು, "ಎಂಥ ದೊಡ್ಡ ಮನಸ್ಸು ನೋಡಿ ನಮ್ಮ ಮೇಷ್ಟ್ರದು" ಎಂದರು. ಆ ಹೆಣ್ಣುಮಗಳ ಕೈಯಿಂದ ಕಿತ್ತುಕೊಂಡದ್ದರ ಮೇಲೆ ಈ ಚಪ್ಪಾಳೆಯೂ ಸೇರಿತು. ಒಂಬತ್ತು ವರ್ಷ ಗೊತ್ತಿದ್ದೂ ಸುಮ್ಮನಿದ್ದ ಮಾತು, ತಡೆಹಿಡಿದ ಸಹಿಯ ಮಾತು ಇನ್ನೂ ಗಂಟಲಲ್ಲೇ ಇತ್ತು. ಇನ್ನೂರು ಜನರ ಮುಂದೆ ಅರ್ಧ ಸತ್ಯ ಹೇಳುವುದು ಎಷ್ಟು ಸುಲಭ, ಒಬ್ಬಳ ಮುಂದೆ ಪೂರ್ತಿ ಹೇಳುವುದು ಎಷ್ಟು ಕಷ್ಟ ಎಂಬುದು ಆಗ ಅವರಿಗೆ ತಿಳಿಯಿತು. ಊಟಕ್ಕೆ ನಿಲ್ಲದೆ ಚೀಲ ಹೆಗಲಿಗೇರಿಸಿ ಹೊರಟರು.

ಹಳಿ ದಾಟುವಾಗ ತೇವ ಕಳೆದು ತೆಳ್ಳಗೆ ಬಿಸಿಲು ಬಿದ್ದಿತ್ತು. ದೇವರೇ, ಈ ಸಲ ನಾಲಿಗೆ ಹಿಡಿಯಬೇಡ ಎಂದು ಬೇಡಿಕೊಂಡರು. ಎಷ್ಟೋ ವರ್ಷದಿಂದ ದಿನವೂ ಪ್ರಾರ್ಥಿಸುವವರೇ. ಇಷ್ಟು ಚಿಕ್ಕದನ್ನು, ಇಷ್ಟು ನಿಜವಾಗಿ ಎಂದೂ ಕೇಳಿರಲಿಲ್ಲ.

ಶೆಡ್ಡಿನಲ್ಲಿ ತಾಯಿ ಇರಲಿಲ್ಲ. ಅವಳೊಬ್ಬಳೇ ನೆಲದ ನಾರು ಗುಡಿಸುತ್ತಿದ್ದಳು. ಮತ್ತೆ ಬಿಚ್ಚಿತೇ ಸರ್ ಎಂದು ಗಾಬರಿಯಿಂದ ಕೇಳಿದಳು. ಇಲ್ಲವೆಂದು ಮೇಷ್ಟ್ರು ತಲೆಯಾಡಿಸಿದರು. ಕೂರಲಿಲ್ಲ. ನಿಂತೇ, ಕಣ್ಣು ನೆಲಕ್ಕೆ ನೆಟ್ಟು, ಹೇಳಿದರು.

"ನೀನು ಅವತ್ತು ಹೇಳಿದ್ದೇ ಸರಿಯಮ್ಮ. ನನಗದು ಇವತ್ತು ಗೊತ್ತಾಗಿದ್ದಲ್ಲ. ಒಂಬತ್ತು ವರ್ಷ ಆಯ್ತು."

ಪೊರಕೆ ನಿಂತಿತು. ಹಳಿಯ ಮೇಲೆ ಒಂದು ಗೂಡ್ಸ್ ಗಾಡಿ ಹಾದುಹೋಯಿತು. ತಗಡು ಅದುರಿ ಸುಮ್ಮನಾಯಿತು.

"ಒಂಬತ್ತು ವರ್ಷಾನಾ ಸರ್" ಎಂದಳು ಕೊನೆಗೆ. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಮೇಷ್ಟ್ರಿಗೆ ಹಗುರವಾಗುತ್ತಿತ್ತು. "ನಾನು ಹಗ್ಗ ಹೊಸೀವಾಗೆಲ್ಲ ಅಂದ್ಕೋತಿದ್ದೆ, ನಮ್ಮ ಮೈಯೊಳಗಿನ ಹಗ್ಗ ಮಾತ್ರ ಬೇರೆ ಥರ ಇರಬೇಕು, ಅದು ನಮ್ಮಂಥೋರಿಗೆ ತಿಳಿಯೋದಲ್ಲ ಅಂತ."

ಕ್ಷಮಿಸು ಎಂಬ ಮಾತು ಮೇಷ್ಟ್ರಿಗೆ ಅಲ್ಲಿ ತೀರ ಸಣ್ಣದಾಗಿ ಕಂಡಿತು. ಚೀಲದಿಂದ ಪುಸ್ತಕ ತೆಗೆದರು. ಅಂಚು ಹಳದಿಯಾಗಿತ್ತು; ಒಳಗೆ ಪೆನ್ಸಿಲಿನ ಹಗ್ಗ ಮಾತ್ರ ಬರೆದಾಗ ಇದ್ದಂತೆಯೇ ಇತ್ತು, ಎಳೆ ಎಡಕ್ಕೆ, ಹಗ್ಗ ಬಲಕ್ಕೆ. ಕೆಳಗಿನ 'ತಪ್ಪು' ಎಂಬ ಮಾತನ್ನು ಅದೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಶಾಲೆಯಿಂದ ಹೊರಡುವ ಮುನ್ನ ಅವರು ಸಹಿ ಹಾಕಿದ್ದರು. ತಾರೀಖು ಮಾತ್ರ ಇವತ್ತಿನದು. ಹಳೆಯ ತಾರೀಖು ಹಾಕುವ ಹಕ್ಕು ತನಗಿಲ್ಲವೆಂದು ಅವರಿಗೆ ಗೊತ್ತಿತ್ತು.

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ, ಅಂಗೈಗೆ ಅಂಟಿದ ನಾರನ್ನು ಸೆರಗಿಗೆ ಒರೆಸಿಕೊಂಡಳು. ಮೇಷ್ಟ್ರು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಕೈಗೆ ಕೊಟ್ಟರು.