ಮುಚ್ಚಳದ ಬಣ್ಣ ನಂಬಿದ ಕೃಷ್ಣಪ್ಪ

ನಮ್ಮ ಕಟ್ಟಾಯದ ಕಡೆ ಆಲೂಗಡ್ಡೆಗೆ ಔಷಧಿ ಹೊಡೆಯಬೇಕೆಂದರೆ ಎಲ್ಲರೂ ಕರೆಯುತ್ತಿದ್ದದ್ದು ಕೃಷ್ಣಪ್ಪನನ್ನೇ. ಕೆಲಸ ಬಲು ಅಚ್ಚುಕಟ್ಟು. ಓದು ಮಾತ್ರ ಬಾರದು. ಅದನ್ನು ಹೊರಗೆ ಯಾರಿಗೂ ಹೇಳಿರಲಿಲ್ಲ. ಓದಲು ಏನಾದರೂ ಕೊಟ್ಟರೆ “ಕನ್ನಡಕ ಮನೇಲೈತೆ” ಎಂದು ಜಾರಿಕೊಳ್ಳುತ್ತಿದ್ದ. ಔಷಧಿಯನ್ನು ಮುಚ್ಚಳದ ಬಣ್ಣದಿಂದಲೇ ಗುರುತು ಹಿಡಿಯುತ್ತಿದ್ದ. ನೀಲಿ ರೋಗಕ್ಕೆ, ಕೆಂಪು ಕಳೆಗೆ.

ಈ ಮುಂಗಾರಿನಲ್ಲಿ ಮೋಡ ಬಿಡಲೇ ಇಲ್ಲ. ಅಂಗಮಾರಿ ರೋಗ ಬಂದೀತೆಂದು ಹೆದರಿ, ಆಲೂಗಡ್ಡೆ ಹಾಕಿದ್ದ ಶಾಂತರಾಜು ಕೃಷ್ಣಪ್ಪನನ್ನು ಕರೆಸಿದ. ಶಾಂತರಾಜುವಿನ ಪಂಪ್‌ಸೆಟ್ ಮನೆಯಲ್ಲಿದ್ದದ್ದು ಬೇರೆ ಕಂಪನಿಯ ಡಬ್ಬಿಗಳು. ಕೃಷ್ಣಪ್ಪ ನೀಲಿ ಮುಚ್ಚಳದ್ದನ್ನು ತೆಗೆದುಕೊಂಡು ಹೊಡೆದ. ಆ ಕಂಪನಿಯಲ್ಲಿ ನೀಲಿ ಮುಚ್ಚಳದ್ದು ಕಳೆನಾಶಕ. ಕೆಲವೇ ದಿನಗಳಲ್ಲಿ ಹೊಲವೆಲ್ಲ ಸುಟ್ಟುಹೋಯಿತು. ಶಾಂತರಾಜು ಬೈಯಲಿಲ್ಲ, ಬದುವಿನ ಮೇಲೆ ಕುಸಿದು ಕುಳಿತ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಕೃಷ್ಣಪ್ಪನಿಗೆ. ಆಮೇಲೆ ಕೃಷ್ಣಪ್ಪನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಹೆಂಡತಿ ಜಯಲಕ್ಷ್ಮಮ್ಮನಿಗೆ ತಡೆಯಲಾಗಲಿಲ್ಲ. ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ಸಿಂಧುವಿಗೆ ವಿಷಯ ಹೇಳಿ ಮನೆಗೆ ಕರೆತಂದಳು.

“ಮಾವ, ನಿಮ್ ಫೋನ್ ಕೊಡಿ ಇಲ್ಲಿ.”

“ಓದು ಬಾರದೋನ್ಗೆ ಫೋನ್ ಏನ್ ಮಾಡ್ತದವ್ವ? ಹಾಡು ಕೇಳಕ್ಕೆ ಸರಿ.”

“ಹಾಡು ಕೇಳ್ತೀರಲ್ಲ, ಅಂಗೇ ಬರ್ದಿರೋದ್ನೂ ಕೇಳ್ಬೌದು.”

ಸಿಂಧು ಮೂಲೆಯಲ್ಲಿದ್ದ ಗೊಬ್ಬರದ ಚೀಲಕ್ಕೆ ಫೋನಿನ ಕ್ಯಾಮೆರಾ ಹಿಡಿದು, ಓದಿಸುವ ಗುಂಡಿ ಒತ್ತಿದಳು. ಚೀಲದ ಮೇಲಿದ್ದದ್ದನ್ನೆಲ್ಲ ಫೋನು ಕನ್ನಡದಲ್ಲಿ ಗಟ್ಟಿಯಾಗಿ ಓದಿತು. ಕೃಷ್ಣಪ್ಪ ಬೆರಗಾದ. ಆದರೂ ಅನುಮಾನ.

“ಇದೇ ತಪ್ಪು ಓದ್ಬುಟ್ರೆ?”

“ಒಂದೊಂದ್ಸಲ ಓದ್ಬೌದು ಮಾವ. ಬೆಳಕಿಲ್ದಿದ್ರೆ, ಅಕ್ಷರ ಅಳಿಸೋಗಿದ್ರೆ ತಪ್ಪುತ್ತೆ. ಅನುಮಾನ ಬಂದ್ರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಕೇಳ್ದೆ ಮಾತ್ರ ಹೊಡೀಬೇಡಿ.”

“ಜನರ ಎದ್ರು ಇದುನ್ನ ಹಿಡುದ್ರೆ ಗೊತ್ತಾಗ್ಬುಡ್ತದೆ ಕಣವ್ವ, ನಂಗೆ ಓದಕ್ ಬರಕ್ಕಿಲ್ಲ ಅಂತ.”

“ಗೊತ್ತಾಗ್ಲಿ ಬುಡಿ,” ಎಂದಳು ಜಯಲಕ್ಷ್ಮಮ್ಮ. “ಮುಚ್ಚಿಟ್ಟಿದ್ದಕ್ಕೇ ಅಲ್ವಾ ಅವ್ರ ಹೊಲ ಸುಟ್ಟೋಗಿದ್ದು?”

ಕೃಷ್ಣಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಮಾರನೆಯ ದಿನದಿಂದ ಗ್ರಂಥಾಲಯಕ್ಕೆ ಹೋಗತೊಡಗಿದ. ಅಳತೆ, ಎಚ್ಚರಿಕೆ ಎಲ್ಲವನ್ನೂ ಫೋನಿನಿಂದ ಓದಿಸಿ ಕೇಳುವುದನ್ನು ಕಲಿತ. ಬಾಯಲ್ಲಿ ಹೇಳಿ ಮೆಸೇಜು ಕಳಿಸುವುದನ್ನೂ ಕಲಿತ. ಫೋನು ಓದುವಾಗ ಆ ಪದದ ಮೇಲೆ ಬೆರಳಿಟ್ಟು ನೋಡುತ್ತಾ ಹೋದಂತೆ ಕೆಲವು ಪದಗಳ ಗುರುತೂ ಹತ್ತಿತು. ಆಮೇಲೊಂದು ಬೆಳಿಗ್ಗೆ ಶಾಂತರಾಜುವಿನ ಮನೆ ಬಾಗಿಲಿಗೆ ಹೋಗಿ ನಿಂತ.

“ಶಾಂತರಾಜಣ್ಣ, ನಂಗೆ ಓದಕ್ ಬರಕ್ಕಿಲ್ಲ. ಅದುನ್ನ ಯೋಳ್ದೆ ನಿನ್ ಹೊಲ ಹಾಳ್ ಮಾಡ್ದೆ. ಈಗ ಇದು ಓದ್ತದೆ, ನಾನು ಕೇಳ್ತೀನಿ.”

ಶಾಂತರಾಜು ಕೃಷ್ಣಪ್ಪನ ಕೈಯಲ್ಲಿದ್ದ ಫೋನನ್ನು ನೋಡಿದ.

“ಮೊದ್ಲೇ ಯೋಳಿದ್ರೆ ನಾನೇ ಓದಿ ಯೋಳ್ತಿರ್ನಿಲ್ವೇನೋ ಕೃಷ್ಣಪ್ಪ?”

ಆಮೇಲೆ ಒಳಗಿನಿಂದ ಹೊಸ ಡಬ್ಬಿ ತಂದಿಟ್ಟ. “ಶುಂಠಿಗೆ ಹೊಡೀಬೇಕು. ಮೊದ್ಲು ಓದ್ಸು. ಇಬ್ರೂ ಕೇಳನ.”

ಫೋನು ಓದಿತು. ಇಬ್ಬರೂ ತಲೆ ಬಗ್ಗಿಸಿ ಕೊನೆಯವರೆಗೂ ಕೇಳಿದರು.

ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಓದು ಬಾರದಿರುವುದು ನಿಮ್ಮ ತಪ್ಪಲ್ಲ. ಅದನ್ನು ಬಚ್ಚಿಟ್ಟುಕೊಂಡು ಔಷಧಿಗೋ ಯಂತ್ರಕ್ಕೋ ಕೈ ಹಾಕಬೇಡಿ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವಂತೆ ಆಗುವುದು ಬೇಡ. ನಿಮ್ಮ ಫೋನು ನಿಮಗಾಗಿ ಓದಬಲ್ಲದು. ನಾಳೆಯೇ ಹತ್ತಿರದ ಗ್ರಂಥಾಲಯಕ್ಕೋ, ಬಲ್ಲವರ ಮನೆಗೋ ಹೋಗಿ “ನನಗೆ ಓದು ಬರುವುದಿಲ್ಲ, ಇದನ್ನು ಕಲಿಸಿಕೊಡಿ” ಎಂದು ಬಾಯಿಬಿಟ್ಟು ಕೇಳಿ.