ಮಣ್ಣಿಗೆ ಬರ್ರಿ

ಎಷ್ಟು ಬಡಿದರೂ ಬೀಗ ಬಿಡಲಿಲ್ಲ. ಶಿವಲೀಲಾ ಕಲ್ಲನ್ನು ಮತ್ತೆ ಎತ್ತಿದಳು.

"ಏಯ್ ಹುಡುಗಿ, ಹುಚ್ಚು ಹಿಡದೈತೇನ?" ಗಾದಿಲಿಂಗಪ್ಪ ಪಂಚೆ ಎತ್ತಿಕೊಂಡು ಓಡಿಬಂದ. ಸಂಸ್ಥೆಯೊಂದು ನಡೆಸುತ್ತಿದ್ದ ಊರಿನ ರೇಡಿಯೋ ಕೇಂದ್ರದ ಕೀಲಿ ಇದ್ದದ್ದು ಅವನ ಬಳಿ. "ಸಂಸ್ಥೆಯೋರು ಮುಚ್ಚಿದ್ದನ್ನ ನೀ ಒಡದ್ರ ನನ್ನ ಸುಮ್ನ ಬಿಡ್ತಾರ?"

"ಹಂಗಾದ್ರ ಕೀಲಿ ಕೊಡ್ರಿ ಮಾಮ. ಇಲ್ಲಾಂದ್ರ ಆ ಕಡಿ ಮುಖ ಮಾಡಿ ನಿಂದರ್ರಿ."

ಎದುರು ಓಣಿಯಲ್ಲಿ ಮರುಳಸಿದ್ದಮ್ಮನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಭಜನೆ ನಡೆದಿತ್ತು. ಆಕೆಯ ಒಬ್ಬನೇ ಮಗ ದೊಡ್ಡಬೀರಪ್ಪ ಕುರಿ ಹೊಡೆದುಕೊಂಡು ಹೋಗಿದ್ದ. ತೆಲಿಗಿ ಕಡೆಗೋ ಬಾಗಳಿ ಕಡೆಗೋ, ಯಾರಿಗೂ ಗೊತ್ತಿಲ್ಲ. ಅವನ ಫೋನು ಬಂದ್ ಆಗಿತ್ತು. ಹುಡುಕಲು ಹೋದ ಬೈಕುಗಳು ಬರಿದೇ ಮರಳಿದ್ದವು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕೆಂದು ಸತ್ತಾಕೆಯ ಮೈದುನ ಓಬಳಪ್ಪ ಹಟ ಹಿಡಿದಿದ್ದ.

"ಯುಗಾದಿಯಿಂದ ಕೇಂದ್ರ ಮುಚ್ಚೇತಿ," ಎಂದ ಗಾದಿಲಿಂಗಪ್ಪ. " ಈಗ ಯಾವನ್ ರೇಡಿಯೋ ಹಚ್ಕೊಂಡು ಕುಂತಿರ್ತಾನ? ಬರೇ ಸರಪರ ಸದ್ದು ಕೇಳಾಕ?"

"ಯಾರೋ ಒಬ್ರು ಹಚ್ಚಿರ್ತಾರ."

"ಹಚ್ಚಿರದಿದ್ರ?"

"ಹಚ್ಚೋತನ ಕೂಗ್ತೀನಿ."

ಕೀಲಿ ಅವಳ ಕಾಲ ಬಳಿ ಬಿತ್ತು. "ನಾ ಕೊಟ್ಟಿಲ್ಲ," ಎಂದ ಗಾದಿಲಿಂಗಪ್ಪ. "ಎಲ್ಲೋ ಕಳಕೊಂಡೀನಿ."

* * *

ಹಾಲಿನ ಡೈರಿಯ ಹಳೇ ಕೋಣೆಯಲ್ಲಿ ಈ ಕೇಂದ್ರ ತೆರೆದಾಗ ಇದೇ ಮರುಳಸಿದ್ದಮ್ಮ ಬಂದದ್ದು ಸೋಬಾನೆ ಹಾಡಲು. ಹಾಡು ಮುಗಿದರೂ ಮೈಕು ಬಿಡದೆ, "ಮ್ಯಾಗಳ ಓಣಿ ಅಂಜಿನಕ್ಕ ತೀರಿಕೊಂಡಾಳ. ಅಡವ್ಯಾಗ ಇರೋರು ಮಣ್ಣಿಗೆ ಬರ್ರಿ," ಎಂದುಬಿಟ್ಟಳು. ಮರುದಿನವೇ ಸಂಸ್ಥೆಯ ಸಾಹೇಬ ಬಂದಿಳಿದ.

"ಸಾವು ಕಾರ್ಯಕ್ರಮ ಅಲ್ಲಮ್ಮ. ಆರೋಗ್ಯ, ಸ್ವಚ್ಛತೆ, ಇವು ಕಾರ್ಯಕ್ರಮ."

"ನಿಮ್ಮೂರಾಗ ಯಾರೂ ಸಾಯಂಗಿಲ್ಲೇನ್ರಿ?"

ಒಳಗಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸಾಹೇಬ ಆಕೆಯನ್ನು ಹೊರಗೆ ಹಾಕಿದ. ಅಂದಿನಿಂದ ಹಾಡಲು ಒಬ್ಬಳೂ ಬರಲಿಲ್ಲ. ಕೈ ತೊಳೆಯುವ ಪಾಠವನ್ನೇ ಎಷ್ಟು ದಿನ ಹಾಕಿಯಾನು? ಕೊನೆಗೆ ಅವನೇ ಬಗ್ಗಿದ. ಆಮೇಲೆ ದಿನಾ ಸಂಜೆ ಮೊದಲು ಸತ್ತವರ ಹೆಸರು, ಬಳಿಕ ತಪ್ಪಿಸಿಕೊಂಡ ಕುರಿಗಳ ಗುರುತು, ಕೊನೆಗೆ ಹಾಡು. ಕೇಂದ್ರದ ಗಿಡ್ಡ ಏರಿಯಲ್ ಕಂಬದಿಂದ ದನಿ ಮುಟ್ಟುತ್ತಿದ್ದುದು ಸುತ್ತಲ ನಾಲ್ಕಾರು ಹಳ್ಳಿಗೆ, ಅವುಗಳ ನಡುವಿನ ಅಡವಿಗೆ. ಅಷ್ಟು ಸಾಕಿತ್ತು.

ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ ಎಂದು ಕೇಂದ್ರಕ್ಕೆ ಬೀಗ ಜಡಿದವರಲ್ಲಿ ಒಬ್ಬನೂ ಅಡವಿಯಲ್ಲಿ ಒಂದು ರಾತ್ರಿ ಮಲಗಿದವನಲ್ಲ.

* * *

ಯಂತ್ರ ಗುಂಯ್ ಎಂದಿತು. ಇಷ್ಟು ದಿನ ಗುಂಡಿ ತಿರುವುವ ಕೆಲಸವಷ್ಟೇ ಮಾಡಿದ್ದ ಶಿವಲೀಲಾ ಮೊದಲ ಸಲ ಮೈಕಿನ ಮುಂದೆ ಕುಳಿತಳು.

"ಬೀರಪ್ಪಣ್ಣ, ನಿಮ್ಮವ್ವ ಹೋಗ್ಯಾಳ. ಎಲ್ಲಿದ್ರೂ ಬಾ. ಕೇಳಿದೋರು ಒಬ್ಬರಿಗೊಬ್ರು ಹೇಳ್ರಿ. ಮಣ್ಣಿಗೆ ಬರ್ರಿ."

ಮತ್ತೆ ಅದೇ. ಮತ್ತೆ ಅದೇ. ಗಾದಿಲಿಂಗಪ್ಪ ಬಾಗಿಲಲ್ಲಿ ಒಂದು ತಂಬಿಗೆ ನೀರಿಟ್ಟು ಹೋದ.

ಹೆಣ ಎತ್ತಿದರು. ಭಜನೆ ಕೇಂದ್ರದ ಮುಂದೆಯೇ ಹಾದುಹೋಯಿತು. "ಬಾ ಯವ್ವ, ಕಡೀ ಸಲ ಮುಖ ನೋಡು," ಎಂದು ನೆರೆಮನೆಯ ಶಿವಮ್ಮ ಒಳಗೆ ಇಣುಕಿದಳು. ಶಿವಲೀಲಾ ಏಳಲಿಲ್ಲ. ಕೂಗುತ್ತಲೇ ಕೈ ಮುಗಿದಳು.

* * *

ಮಸಣದಲ್ಲಿ ತೋಡಿದ ಕುಣಿಯ ಬಳಿ ಓಬಳಪ್ಪ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡ. "ಕಾದಿದ್ದು ಸಾಕು. ನಾನ ಹಾಕ್ತೀನಿ."

ಗಾದಿಲಿಂಗಪ್ಪ ಅವನ ರಟ್ಟೆ ಹಿಡಿದ. "ತಡಿಲೇ. ಹುಡುಗಿ ಇನ್ನೂ ಬಾಯಿ ಮುಚ್ಚಿಲ್ಲ."

ಜಾಲಿ ಗಿಡಗಳ ಆಚೆಯಿಂದ ದೊಡ್ಡಬೀರಪ್ಪ ಕಾಲಿನ ಕೆರ ಕಳಚಿ ಕೈಯಲ್ಲಿ ಹಿಡಿದು ಓಡಿಬಂದ. ಹಿಂದೆ ಏದುಸಿರು ಬಿಡುತ್ತ ಗುರುತಿಲ್ಲದ ಒಬ್ಬ ಮುದುಕ. ಅವನ ಹೆಗಲಲ್ಲಿ ರೇಡಿಯೋ ನೇತಾಡುತ್ತಿತ್ತು.

"ದಿನಾ ಹಚ್ಚಿ ನೋಡ್ತಿದ್ನ್ರಿ," ಎಂದ ಮುದುಕ. "ಇವತ್ತು ಮಾತಾಡ್ತು."

ಓಬಳಪ್ಪ ದಾರಿ ಬಿಟ್ಟ. ಬೀರಪ್ಪ ಮೊಣಕಾಲೂರಿ ಮಣ್ಣು ಬಾಚಿಕೊಂಡ.

"ಬೀರಪ್ಪಣ್ಣ, ಎಲ್ಲಿದ್ರೂ ಬಾ," ಎಂದಿತು ಮುದುಕನ ಹೆಗಲಿನಿಂದ ಶಿವಲೀಲಾಳ ಒಡೆದ ದನಿ.

ಮುದುಕ ಆರಿಸಲೆಂದು ರೇಡಿಯೋದ ಗುಂಡಿಗೆ ಕೈ ಹಾಕಿದ.

"ಇರ್ಲಿ ಬಿಡಜ್ಜ," ಎಂದ ಬೀರಪ್ಪ.

ದನಿ ಅವನನ್ನು ಕರೆಯುತ್ತಲೇ ಇತ್ತು. ಬೆರಳ ಸಂದಿಯಿಂದ ಮಣ್ಣು ಕುಣಿಯೊಳಗೆ ಸುರಿಯತೊಡಗಿತು.