ಒಳಗೆ ಮಾತಾಡ್ತಿದ್ದಾರೆ

“ದೇವರ ವಿಷಯ ಆಮೇಲೆ, ಮೊದಲು ಕ್ಲಚ್ ಒತ್ತಿ ಸರ್,” ಎಂದಳು ಕಾರು ಕಲಿಸುವಾಕೆ.

ಮೇಷ್ಟ್ರು ಒತ್ತಿದರು. ಬಾಯಿ ಮಾತ್ರ ನಿಲ್ಲಲಿಲ್ಲ. ನಿವೃತ್ತರಾದ ಮೇಲೆ ತಾವು ಕಂಡುಕೊಂಡ ದೇವರನ್ನು ಮನೆಮನೆಗೆ ಮುಟ್ಟಿಸುವ ಹಂಬಲ ಅವರಿಗೆ ಹತ್ತಿತ್ತು. ದೂರದ ಬಡಾವಣೆಗಳಿಗೂ ಹೋಗಬೇಕೆಂದೇ ಈ ವಯಸ್ಸಿನಲ್ಲಿ ಸ್ಟೀರಿಂಗ್ ಹಿಡಿದಿದ್ದರು. ಜನ ಅವರನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸ್ವಂತ ಮಗಳೇ ಫೋನೆತ್ತುವುದು ಬಿಟ್ಟಿದ್ದಳು. ಕಾರಿನಲ್ಲಾದರೆ ಕೇಳುವವರು ಎದ್ದು ಹೋಗುವಂತಿಲ್ಲವಲ್ಲ!

“ಅಲ್ಲಮ್ಮಾ, ನೀನು ಯಾರನ್ನ ನಂಬ್ತೀಯ? ಅಷ್ಟಾದ್ರೂ ಹೇಳು.”

“ಕನ್ನಡಿ ನೋಡಿ ಸರ್.”

ಅವಳ ಕೊರಳಲ್ಲಾಗಲಿ ಕೈಯಲ್ಲಾಗಲಿ ಯಾವ ಗುರುತೂ ಇರಲಿಲ್ಲ. ಕಾರಿನೊಳಗೂ ಒಂದು ಚಿತ್ರವಿಲ್ಲ, ಬರಹವಿಲ್ಲ. ಕುತೂಹಲ ತಡೆಯಲಾರದೆ ಮೇಷ್ಟ್ರು ಪೂರ್ತಿ ಅವಳತ್ತ ತಿರುಗಿದರು. ಅಷ್ಟರಲ್ಲಿ ಓಣಿಯಿಂದ ಸೈಕಲ್ಲೊಂದು ನುಗ್ಗಿತು. ಅವಳು ತನ್ನ ಕಾಲ ಬಳಿಯಿದ್ದ ಬ್ರೇಕನ್ನು ತುಳಿದಳು. ಕಾರು ಗಕ್ಕನೆ ನಿಂತಿತು. ಸೈಕಲ್ಲಿನವನು ಗೇಣು ದೂರದಲ್ಲಿ ಉರುಳಿಬಿದ್ದು, ಅಂಗಿ ಕೊಡವಿಕೊಂಡು ಎದ್ದ.

ಅವಳು ಕಣ್ಣು ಮುಚ್ಚಿದ್ದಳು. ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು.

“ಯಾರನ್ನ ನೆನೆಸ್ಕೊಂಡೆ?” ಎಂದರು ಮೇಷ್ಟ್ರು.

“ನಿಮ್ಮ ಮನೆಯವರು ತೀರ್ಕೊಂಡ್ರು ಅಂದಿದ್ರಲ್ಲ ಸರ್. ಅವರ ಹತ್ರ ಈಗಲೂ ಮಾತಾಡ್ತೀರಾ?”

ಮೇಷ್ಟ್ರು ತಬ್ಬಿಬ್ಬಾದರು. ಮಾತಾಡುತ್ತಿದ್ದರು, ದಿನಾ ಬೆಳಿಗ್ಗೆ, ಹಾಸಿಗೆ ಮಡಿಸುವಾಗ. ಅದನ್ನು ಮಗಳಿಗೂ ಹೇಳಿರಲಿಲ್ಲ.

“ಏನು ಮಾತಾಡ್ತೀರಿ ಅಂತ ನಾನು ಕೇಳೋದಿಲ್ಲ,” ಎಂದಳು ಅವಳು. “ಒಂಚೂರು ನನ್ನ ಪಾಡಿಗೆ ನನ್ನನ್ನ ಬಿಡಿ.” ಮತ್ತೆ ಕಣ್ಣು ಮುಚ್ಚಿದಳು.

ಮೇಷ್ಟ್ರು ಮೆಲ್ಲಗೆ ಇಳಿದು, ಸದ್ದಾಗದಂತೆ ಬಾಗಿಲು ಒತ್ತಿದರು. ಸೈಕಲ್ಲಿನವನು ತೋಳೇರಿಸಿಕೊಂಡು ಬಂದೇಬಿಟ್ಟ.

“ಪೆಟ್ಟಾಯ್ತೇನಪ್ಪ?”

“ಪೆಟ್ಟು ಹಾಳಾಗ್ಲಿ, ಕಣ್ಣು ಎಲ್ಲಿಟ್ಟಿದ್ರಿ ಯಜಮಾನ್ರೇ? ಆಯಮ್ಮನ್ನ ಕರೀರಿ, ಕಲಿಸೋದು ಹೀಗೇನಾ?”

“ತಪ್ಪು ನಂದು. ಬೈಯೋದೆಲ್ಲ ನನಗೇ ಬೈಯಿ, ಆದ್ರೆ ಮೆತ್ತಗೆ ಬೈಯಿ. ಒಳಗೆ ಮಾತಾಡ್ತಿದ್ದಾರೆ.”

ಅವನು ಬಗ್ಗಿ ಇಣುಕಿದ. “ಒಬ್ರೇ ಇದ್ದಾರಲ್ರೀ! ಯಾರ ಜೊತೆ?”

“ಗೊತ್ತಿಲ್ಲಪ್ಪ,” ಎಂದರು ಮೇಷ್ಟ್ರು. ಅವನಿಗೆ ಅಡ್ಡವಾಗಿ ಸರಿದು, ಕಿಟಕಿಗೆ ಬೆನ್ನು ಕೊಟ್ಟು ನಿಂತರು. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು.